ಪಿಟ್‌ಹೋಲ್: ಎಣ್ಣೆ ಕಟ್ಟಿದ ಊರು, ಎಣ್ಣೆ ಕೆಡವಿದ ಊರು



ವಿದ್ಯುಚ್ಛಕ್ತಿ ಬರುವ ಮುನ್ನ ನಮ್ಮ ಹಳ್ಳಿಗಳಲ್ಲಿ ಬೆಳಗುತ್ತಿದ್ದ ಬುಡ್ಡಿದೀಪವನ್ನು ನಿಮ್ಮಲ್ಲಿ ಹಿರಿಯರಾದವರು ಮರೆತಿರಲಾರರು. ಅದಕ್ಕೆ ಹಾಕುತ್ತಿದ್ದುದು ಸೀಮೆಎಣ್ಣೆ. ಸೀಮೆಸುಣ್ಣ, ಸೀಮೆಬದನೆಗಳಂತೆ ಅದೂ ಪರಸೀಮೆಯಿಂದ ಬಂದದ್ದೆಂದು ಹೆಸರೇ ಹೇಳುತ್ತದೆ. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಅಮೆರಿಕದ ಸೀಮೆಎಣ್ಣೆ ತಗಡಿನ ಡಬ್ಬಗಳಲ್ಲಿ ಭಾರತದ ಬಂದರುಗಳಿಗೆ ಬಂದಿಳಿಯುತ್ತಿತ್ತು. ಆ ಎಣ್ಣೆಯ ತವರಿನ ಕಥೆಯನ್ನು ಇಂದು ನಿಮ್ಮ ಮುಂದಿಡಬಯಸುತ್ತೇನೆ.

ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದಲ್ಲಿ ಆಯಿಲ್ ಕ್ರೀಕ್ ಎಂಬ ಹೊಳೆಯಿದೆ. ಅದರ ನೀರಿನ ಮೇಲೆ ಎಣ್ಣೆಯ ಪೊರೆ ತೇಲುವುದನ್ನು ಅಲ್ಲಿನ ಮೂಲನಿವಾಸಿಗಳು ಬಹುಕಾಲದಿಂದ ಬಲ್ಲವರಾಗಿದ್ದರು. ಟೈಟಸ್‌ವಿಲ್ ಎಂಬ ಊರಿನ ಬಳಿ ಎಡ್ವಿನ್ ಡ್ರೇಕ್ ಎಂಬಾತ, ಉಪ್ಪುನೀರಿನ ಬಾವಿಗಳನ್ನು ಕೊರೆದು ಬಲ್ಲ ಕಮ್ಮಾರನೊಬ್ಬನ ನೆರವಿನಿಂದ ಎಣ್ಣೆಗಾಗಿ ನೆಲ ಕೊರೆಯತೊಡಗಿದ. ಜನ ನಕ್ಕರು, ತಂದ ಹಣ ಕರಗಿತು. 1859ರ ಆಗಸ್ಟ್ 27ರ ಶನಿವಾರ ಕೊರೆತ ಸುಮಾರು 69 ಅಡಿ ತಲುಪಿ ನಿಂತಿತು. ಮರುದಿನ ಭಾನುವಾರ ಕಮ್ಮಾರ ಬಂದು ಇಣುಕಿದಾಗ ಕೊಳವೆಯಲ್ಲಿ ಎಣ್ಣೆ ಮೇಲೇರಿತ್ತು.

ಅಲ್ಲಿಂದ ಆ ಪುಟ್ಟ ಕಣಿವೆಗೆ ನಿದ್ರೆಯಿಲ್ಲದಂತಾಯಿತು. 1860ರ ಆರಂಭದಲ್ಲಿ ಪೀಪಾಯಿಯೊಂದಕ್ಕೆ 20 ಡಾಲರ್ ಬೆಲೆಯಿದ್ದ ಎಣ್ಣೆ, ಎಲ್ಲರೂ ಕೊರೆಯತೊಡಗಿದ್ದರಿಂದ 1861ರ ಕೊನೆಗೆ 10 ಸೆಂಟಿಗೆ ಇಳಿಯಿತು. ಮತ್ತೆ ಬೆಲೆ ಏರಿತು, ಆಸೆಯೂ ಏರಿತು.

1865ರ ಜನವರಿಯಲ್ಲಿ ಸಮೀಪದ ಪಿಟ್‌ಹೋಲ್ ಎಂಬ ತೊರೆಯ ಬಳಿ ಎಣ್ಣೆ ತಾನಾಗಿಯೇ ಚಿಮ್ಮಿತು. ಆಗ ಅಲ್ಲಿದ್ದುದು ಕಾಡು ಮತ್ತು ಬಡ ಬೇಸಾಯಗಾರರ ಹೊಲಗಳು. ಮೇ ತಿಂಗಳಲ್ಲಿ ಒಂದು ಹೊಲವನ್ನು 500 ನಿವೇಶನಗಳಾಗಿ ವಿಂಗಡಿಸಿ ಮಾರಿದರು. ಅಂತರ್ಯುದ್ಧ ಆಗತಾನೆ ಮುಗಿದಿತ್ತು. ಸೈನ್ಯದಿಂದ ಬಿಡುಗಡೆಯಾದ ಯುವಕರು ಕೈಯಲ್ಲಿ ಸಂಬಳ ಹಿಡಿದು ಓಡಿ ಬಂದರು. ಸೆಪ್ಟೆಂಬರ್ ಹೊತ್ತಿಗೆ ಅಲ್ಲಿ ಸುಮಾರು 15,000 ಜನ! ಐವತ್ತಕ್ಕೂ ಹೆಚ್ಚು ಹೋಟೆಲುಗಳು, ನಾಟಕಶಾಲೆ, ಲೆಕ್ಕವಿಲ್ಲದ ಮದ್ಯದಂಗಡಿಗಳು. ಬೆಟ್ಟದ ಮೇಲೆ ಮೆಥೊಡಿಸ್ಟ್ ಸಹೋದರರು ಒಂದು ದೇವಾಲಯವನ್ನೂ ಕಟ್ಟಿದರು.

ಎಣ್ಣೆಯ ಪೀಪಾಯಿಗಳನ್ನು ಕೆಸರಿನ ಹಾದಿಯಲ್ಲಿ ಸಾಗಿಸುತ್ತಿದ್ದವರು ಕುದುರೆಗಾಡಿಯವರು. ಅವರು ಕೇಳಿದ್ದೇ ಬಾಡಿಗೆ. 1865ರ ಅಕ್ಟೋಬರಿನಲ್ಲಿ ಸ್ಯಾಮ್ಯುಯಲ್ ವಾನ್ ಸಿಕಲ್ ಎಂಬ ವ್ಯಾಪಾರಿ ಎರಡು ಅಂಗುಲ ವ್ಯಾಸದ ಕಬ್ಬಿಣದ ಕೊಳವೆಯನ್ನು ಐದು ಮೈಲಿಗೂ ಹೆಚ್ಚು ದೂರ, ರೈಲು ನಿಲ್ದಾಣದವರೆಗೆ ಹಾಕಿಸಿದ. ಹೊಟ್ಟೆಪಾಡಿಗೆ ಸಂಚಕಾರ ಬಂತೆಂದು ಗಾಡಿಯವರು ಕೊಳವೆಯನ್ನು ಕಿತ್ತುಹಾಕಿದರು. ಆತ ಬಂದೂಕುಧಾರಿಗಳನ್ನು ಕಾವಲಿಗಿಟ್ಟ. ಕೊಳವೆ ಉಳಿಯಿತು, ಗಾಡಿಯವರು ಚದುರಿಹೋದರು. ಅವರ ದುರಾಸೆಯನ್ನು ಹಳಿಯುವುದು ಸುಲಭ. ಆದರೆ ಯಂತ್ರವೊಂದು ಬಂದಾಗ ಬೀದಿಗೆ ಬೀಳುವ ಸಂಸಾರಗಳ ಚಿಂತೆ ಯಾರದೆಂಬ ಪ್ರಶ್ನೆ ಅಂದಿನಂತೆ ಇಂದಿಗೂ ನಮ್ಮ ಮುಂದಿದೆ.

ನೆಲದಡಿಯ ಎಣ್ಣೆಗೆ ಬೇಲಿಯ ಗಡಿ ತಿಳಿಯದು. ಯಾರ ಬಾವಿಯಿಂದ ಮೇಲೆ ಬಂತೋ ಅದು ಅವರ ಸ್ವತ್ತು ಎಂಬುದು ಅಲ್ಲಿನ ನ್ಯಾಯ. ನಾನು ತಡಮಾಡಿದರೆ ನೆರೆಯವನು ಹೀರಿಬಿಡುತ್ತಾನೆಂಬ ಭಯದಿಂದ ಪ್ರತಿಯೊಬ್ಬರೂ ಹಗಲಿರುಳೂ ಕೊರೆದರು. ಎಣ್ಣೆಯನ್ನು ಮೇಲಕ್ಕೆ ನೂಕುತ್ತಿದ್ದ ಅನಿಲದ ಒತ್ತಡ ಹೀಗೆ ವ್ಯರ್ಥವಾಗಿ ಹೋಯಿತು. 1866ರಲ್ಲಿ ಒಂದರ ಹಿಂದೊಂದು ಬಾವಿಗಳು ಸೊರಗಿದವು. ಮರದ ಕಟ್ಟಡಗಳಿಗೆ ಬೆಂಕಿ ಬಿತ್ತು. ಹೊಸ ಬಾವಿಗಳ ಸುದ್ದಿ ಬಂದ ಕಡೆಗೆ ಜನ ನಡೆದರು. 1870ರ ಜನಗಣತಿಯಲ್ಲಿ ಉಳಿದವರು 237 ಮಂದಿ. 1877ರಲ್ಲಿ ಊರಿನ ಪುರಸಭೆಯ ಮಾನ್ಯತೆಯೇ ರದ್ದಾಯಿತು.

ಮೊದಲ ಬಾವಿಯ ಡ್ರೇಕನಾದರೂ ಸಿರಿವಂತನಾದನೇ? ಇಲ್ಲ. ತನ್ನ ಕೊರೆಯುವ ವಿಧಾನಕ್ಕೆ ಆತ ಹಕ್ಕುಪತ್ರ ಪಡೆದಿರಲಿಲ್ಲ. ಇದ್ದ ಹಣವನ್ನು ಎಣ್ಣೆಯ ಸಟ್ಟಾ ವ್ಯಾಪಾರದಲ್ಲಿ ಕಳೆದುಕೊಂಡ. ಕೊನೆಗೆ ರಾಜ್ಯ ಸರ್ಕಾರ ವರ್ಷಕ್ಕೆ 1,500 ಡಾಲರ್ ಪಿಂಚಣಿ ಕೊಟ್ಟು ಕಾಪಾಡಬೇಕಾಯಿತು.

ಸಂತ ಲೂಕನ ಶುಭಸಂದೇಶದ ಹನ್ನೆರಡನೆಯ ಅಧ್ಯಾಯದಲ್ಲಿ ಪ್ರಭುಯೇಸು ಹೇಳಿದ ಮೂಢ ಸಿರಿವಂತನ ಸಾಮತಿ ನಿಮಗೆ ನೆನಪಾಗಿರಬಹುದು. ಆ ಮನುಷ್ಯನ ಹೊಲ ಚೆನ್ನಾಗಿ ಬೆಳೆದದ್ದು ಪಾಪವಲ್ಲ. ತನ್ನ ಬೆಳೆಯ ವಿಷಯದಲ್ಲಿ ಆತ ದೇವರೊಂದಿಗೂ ಮಾತನಾಡಲಿಲ್ಲ, ನೆರೆಯವರೊಂದಿಗೂ ಮಾತನಾಡಲಿಲ್ಲ, ಮಾತೆಲ್ಲ ತನ್ನೊಡನೆಯೇ. ಪಿಟ್‌ಹೋಲಿನ ಎಣ್ಣೆಯೂ ಹಾಗೆಯೇ. ಅದು ಬಡವರ ಮನೆಗೆ ಅಗ್ಗದ ಬೆಳಕು ತಂದಿತು. ಅದರಡಿ ಎಷ್ಟೋ ಮಕ್ಕಳು ಅಕ್ಷರ ಕಲಿತರು. ನೆರೆಯವನನ್ನು ಹಗೆಯೆಂದು ಬಗೆದ ದಿನವೇ ಊರು ಬರಿದಾಗತೊಡಗಿತು.

ನಮ್ಮ ಕರಾವಳಿಯ ಎಷ್ಟೋ ಕುಟುಂಬಗಳು ಕೊಲ್ಲಿ ದೇಶಗಳ ಎಣ್ಣೆಯ ಸಂಪತ್ತಿನಲ್ಲಿ ದುಡಿದು ಮನೆ ಕಟ್ಟಿವೆ, ಮಕ್ಕಳನ್ನು ಓದಿಸಿವೆ. ಅದು ಬೆವರಿನ ಫಲ, ದೇವರ ವರ. ಅಂಥವರಿಗಾಗಿ ಪಿಟ್‌ಹೋಲಿನದೇ ಒಂದು ಘಟನೆಯನ್ನು ಹೇಳಿ ಮುಗಿಸುತ್ತೇನೆ. ಅಲ್ಲಿ 60,000 ಡಾಲರ್ ವೆಚ್ಚದಲ್ಲಿ ಎದ್ದಿದ್ದ ಬೊಂಟಾ ಹೌಸ್ ಎಂಬ ಹೋಟೆಲು ಪಾಳುಬಿದ್ದಾಗ, ಎಣ್ಣೆಯ ತೊಟ್ಟಿಗಳನ್ನು ತಯಾರಿಸುತ್ತಿದ್ದ ಟಾರ್ಬೆಲ್ ಎಂಬ ಗೃಹಸ್ಥ ಅದನ್ನು 600 ಡಾಲರಿಗೆ ಕೊಂಡ. ಅದರ ಬಾಗಿಲು, ಕಿಟಕಿ, ತೊಲೆಗಳನ್ನು ಬಿಚ್ಚಿ ತಂದು ಟೈಟಸ್‌ವಿಲ್‌ನಲ್ಲಿ ತನ್ನ ಹೆಂಡತಿ ಮಕ್ಕಳಿಗೊಂದು ಮನೆ ಕಟ್ಟಿದ. ಆ ಮನೆಯಲ್ಲಿ ಬೆಳೆದ ಮಗಳು ಐಡಾ ಟಾರ್ಬೆಲ್ ಮುಂದೆ ಪತ್ರಕರ್ತೆಯಾಗಿ, ಎಣ್ಣೆ ವ್ಯಾಪಾರವನ್ನೆಲ್ಲ ತನ್ನ ಮುಷ್ಟಿಯಲ್ಲಿಟ್ಟುಕೊಂಡಿದ್ದ ಸ್ಟ್ಯಾಂಡರ್ಡ್ ಆಯಿಲ್ ಕಂಪನಿಯ ಅನ್ಯಾಯಗಳನ್ನು 1904ರ ತನ್ನ ಗ್ರಂಥದಲ್ಲಿ ಬಯಲಿಗೆಳೆದಳು.

ಪಿಟ್‌ಹೋಲಿನ ಬೀದಿಗಳಲ್ಲಿ ಇಂದು ಹುಲ್ಲು ಬೆಳೆದಿದೆ. ಹೋಟೆಲಿನ ತೊಲೆಗಳು ಮಾತ್ರ ಒಂದು ಸಂಸಾರದ ತಲೆಯ ಮೇಲೆ ಸೂರಾದವು. ನಮ್ಮ ಗಳಿಕೆಯ ತೊಲೆಗಳು ಯಾರ ತಲೆಗೆ ಸೂರಾಗಿವೆ? ಈ ಸಂಜೆಯ ಕುಟುಂಬ ಪ್ರಾರ್ಥನೆಯ ಬಳಿಕ ಮನೆಯವರೆಲ್ಲ ಕುಳಿತು ಒಮ್ಮೆ ಮಾತನಾಡಿಕೊಳ್ಳಿರಿ.