ಲಸ್ಕರ್, ತಾಂಡೇಲ, ಕೂಲಿ

ನೋಡಿ, ದೇವದುರ್ಗ ತಾಲೂಕಿನ ಜಾಲಹಳ್ಳಿಯಿಂದ ಅರಬ್ಬಿ ಸಮುದ್ರ 300 ಕಿಲೋಮೀಟರಿಗೂ ದೂರ. ಇಲ್ಲಿಯ ಜನಕ್ಕೆ ನೀರು ಅಂದ್ರೆ ಕೃಷ್ಣಾ ನದಿ, ಇಲ್ಲಾಂದ್ರೆ ನಾರಾಯಣಪುರ ಬಲದಂಡೆ ಕಾಲುವೆ. ದೋಣಿ ಅಂದ್ರೆ ಹರಿಗೋಲು. ಇಂಥ ಊರಿಗೂ ಬ್ರಿಟಿಷ್ ನಾವಿಕರ ಆಡುಮಾತಿಗೂ ಏನಪ್ಪಾ ಸಂಬಂಧ ಅಂತೀರಾ? ರಾಯಚೂರಿನಿಂದ ಗಡಿ ದಾಟಿ ತೆಲಂಗಾಣ, ಆಂಧ್ರದ ಕಡೆ ಹೋಗಿ. ಅಲ್ಲಿ ಕಾಲುವೆಯ ತೂಬು ಎತ್ತಿ ಇಳಿಸುವ ನೀರಾವರಿ ಇಲಾಖೆಯ ನೌಕರನನ್ನು ಏನಂತ ಕರೀತಾರೆ ಕೇಳಿ. ಲಸ್ಕರ್!

ಈ ಪದ ಹಡಗು ಹತ್ತಿ ಇಳಿದು ಬಂದದ್ದು. ಪಾರ್ಸಿಯಲ್ಲಿ ಲಷ್ಕರ್ ಅಂದ್ರೆ ಸೈನ್ಯ. ಅದನ್ನು ಪೋರ್ಚುಗೀಸರು ಹಿಡಿದುಕೊಂಡರು. ಅವರೇನೂ ನಮಗೆ ಅಪರಿಚಿತರಲ್ಲ. 1520ರಲ್ಲಿ ಕೃಷ್ಣದೇವರಾಯ ರಾಯಚೂರು ಕೋಟೆ ಮುತ್ತಿದಾಗ, ಕ್ರಿಸ್ಟೋವಾವ್ ದ ಫಿಗೆರೆದೋ ಎಂಬ ಪೋರ್ಚುಗೀಸ ಕೆಲವು ಬಂದೂಕುಗಾರರ ಜೊತೆ ಆತನ ಪರವಾಗಿ ಗುಂಡು ಹಾರಿಸಿದ್ದ ಅಂತ ನ್ಯೂನಿಜ್ ಬರೆದಿಟ್ಟಿದ್ದಾನೆ. ಪೋರ್ಚುಗೀಸರಿಂದ ಪದ ಇಂಗ್ಲಿಷರಿಗೆ ದಾಟಿತು. ಈಸ್ಟ್ ಇಂಡಿಯಾ ಕಂಪನಿಯ ಹಡಗುಗಳಲ್ಲಿ ಲಸ್ಕರ್ ಅಂದ್ರೆ ಭಾರತದ ನಾವಿಕ. ಕಂಪನಿಯ ಸೈನ್ಯದಲ್ಲಿ ಫಿರಂಗಿ ಎಳೆಯುವವನೂ ಲಸ್ಕರ್, ಡೇರೆ ಹೊಡೆಯುವವನೂ ಲಸ್ಕರ್. ಸೈನ್ಯ ಅನ್ನೋ ದೊಡ್ಡ ಪದ ಸವೆದು ಸವೆದು, ಕೊನೆಗೆ ಸರ್ಕಾರಿ ಕಚೇರಿಯ ಕೆಳಗಿನ ಮೆಟ್ಟಿಲಿಗೆ ಬಂದು ಕೂತಿತು.

ಹೀಗೆ ಹಡಗು ಹತ್ತಿದ ನಮ್ಮ ಪದಗಳು ಒಂದೆರಡಲ್ಲ. ಡಿಂಗಿ ಅನ್ನೋ ಸಣ್ಣ ದೋಣಿ ನಮ್ಮದು. ಕಟಮರಾನ್ ತಮಿಳಿನ ಕಟ್ಟುಮರ. ಡಂಗರಿ ಪ್ಯಾಂಟಿನ ಒರಟು ಬಟ್ಟೆಗೆ ಹೆಸರು ಕೊಟ್ಟದ್ದು ಮುಂಬೈನ ಡೋಂಗ್ರಿ. ಶೀತ ಆದಾಗ ಬಿಳಿಯರು ಕುಡಿಯೋ ಬಿಸಿ ‘ಟಾಡಿ’ ಇದೆಯಲ್ಲ, ಅದರ ಮೂಲ ನಮ್ಮ ತಾಡಿ, ತಾಳೆಮರದ ಹೆಂಡ! ರಾಯಚೂರಿನ ಶೇಂದಿ ಅಂಗಡಿಗಳ ಕಥೆ ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಸಾರಾಯಿಯೂ ಅಷ್ಟೇ. ನಾವಿಕನಿಗೆ ಬಿಯರ್ ಬದಲು ರಮ್ ಅಥವಾ ‘ಅರ್ಯಾಕ್’ ಕೊಡಬಹುದು ಅಂತ 18ನೇ ಶತಮಾನದ ಬ್ರಿಟಿಷ್ ನೌಕಾಪಡೆಯ ನಿಯಮವೇ ಇತ್ತು. 1740ರಲ್ಲಿ ಅಡ್ಮಿರಲ್ ವರ್ನನ್ ಆ ರಮ್ಮಿಗೆ ನೀರು ಬೆರೆಸಿ ಕೊಡಿ ಅಂದ. ಅವನು ಗ್ರಾಗ್ರಮ್ ಬಟ್ಟೆಯ ಕೋಟು ಹಾಕುತ್ತಿದ್ದ, ಹಾಗಾಗಿ ಆ ನೀರು ರಮ್ಮಿಗೆ ‘ಗ್ರಾಗ್’ ಅಂತ ಹೆಸರು ಬಿತ್ತು. ಕುಡಿದು ತೂರಾಡುವವನು ‘ಗ್ರಾಗಿ’. ದಿನಾ ರಮ್ ಹಂಚುವ ಈ ಪದ್ಧತಿ ನಿಂತದ್ದು 1970ರ ಜುಲೈ 31ಕ್ಕೆ. ಅಷ್ಟೊತ್ತಿಗೆ ಮನುಷ್ಯ ಚಂದ್ರನ ಮೇಲೆ ಕಾಲಿಟ್ಟು ಒಂದು ವರ್ಷ ಆಗಿತ್ತು.

ಒಂದು ಎಚ್ಚರಿಕೆ. ‘ಪಾಶ್’ ಅನ್ನೋ ಪದ ಭಾರತಕ್ಕೆ ಬರುವ ಹಡಗಿನ ನೆರಳಿನ ಬದಿಯ ಕೋಣೆಗಳ ಟಿಕೆಟ್ಟಿನಿಂದ ಹುಟ್ಟಿತು ಅಂತ ವಾಟ್ಸಾಪ್‌ನಲ್ಲಿ ಓಡಾಡುತ್ತೆ. ಅಂಥ ಟಿಕೆಟ್ ಒಂದನ್ನೂ ಯಾರೂ ಇದುವರೆಗೆ ತೋರಿಸಿಲ್ಲ. ದಯವಿಟ್ಟು ಫಾರ್ವರ್ಡ್ ಮಾಡಬೇಡಿ.

ಪದ ಕೊಟ್ಟ ಜನ ಏನಾದರು ಅನ್ನೋದು ನನಗೆ ಮುಖ್ಯ. ಲಸ್ಕರರ ಗುಂಪಿಗೆ ಸೇರಂಗ್ ದೊಡ್ಡವನು, ಅವನ ಕೈಕೆಳಗೆ ಟಿಂಡಲ್. ಮಲ್ಪೆಯಲ್ಲಿ, ಕಾರವಾರದಲ್ಲಿ ಇವತ್ತಿಗೂ ಮೀನುಗಾರಿಕಾ ಬೋಟಿನ ಯಜಮಾನನನ್ನು ತಾಂಡೇಲ ಅಂತಾರಲ್ಲ, ಅದೇ ಈ ಟಿಂಡಲ್. ಹಡಗಿನ ಬಿಳಿ ಅಧಿಕಾರಿಗಳು ಇವರ ಭಾಷೆ ಕಲಿಯದೆ ವಿಧಿಯಿರಲಿಲ್ಲ. ಬಿರುಗಾಳಿಯಲ್ಲಿ ಹಾಯಿ ಇಳಿಸು ಅಂದದ್ದು ಅರ್ಥವಾಗದಿದ್ದರೆ ಎಲ್ಲರೂ ಮುಳುಗುತ್ತಾರೆ, ಅಷ್ಟೇ. ಅದಕ್ಕೇ ಥಾಮಸ್ ರೋಬಕ್ ಎಂಬ ಕಂಪನಿ ಸೇನೆಯ ಅಧಿಕಾರಿ 1811ರಲ್ಲಿ ಹಡಗಿನ ಇಂಗ್ಲಿಷ್–ಹಿಂದೂಸ್ತಾನಿ ನಿಘಂಟನ್ನೇ ಕಲ್ಕತ್ತಾದಲ್ಲಿ ಅಚ್ಚು ಹಾಕಿಸಿದ. ಪೋರ್ಚುಗೀಸ್, ಅರಬ್ಬಿ, ಹಿಂದೂಸ್ತಾನಿ ಎಲ್ಲಾ ಕಲಸಿದ ಆ ಮಾತಿಗೆ ‘ಲಸ್ಕರಿ’ ಅಂತಲೇ ಹೆಸರು.

ಭಾಷೆ ಕಲಿತರು, ಸಂಬಳ ಮಾತ್ರ ಬೇರೆ. ಅದೇ ಹಡಗಿನ ಬಿಳಿ ನಾವಿಕನಿಗೆ ಸಿಗುವುದರ ಅರ್ಧವೂ ಲಸ್ಕರನಿಗೆ ಸಿಗುತ್ತಿರಲಿಲ್ಲ. ಮೊದಲ ಮಹಾಯುದ್ಧ ಶುರುವಾಗುವಾಗ ಬ್ರಿಟಿಷ್ ವ್ಯಾಪಾರಿ ಹಡಗುಗಳಲ್ಲಿ ಸುಮಾರು 50 ಸಾವಿರ ಲಸ್ಕರರಿದ್ದರು. ಆ ಯುದ್ಧದಲ್ಲಿ 3 ಸಾವಿರಕ್ಕೂ ಹೆಚ್ಚು ಜನ ಸತ್ತರು. ಬಹುಪಾಲು ಜನ ಬಾಯ್ಲರ್ ಕೋಣೆಯಲ್ಲಿ ಕಲ್ಲಿದ್ದಲು ಎತ್ತಿ ಹಾಕುತ್ತಿದ್ದವರು, ಡೆಕ್ಕಿನಲ್ಲಿ ದುಡಿಯುತ್ತಿದ್ದವರು. ಟಾರ್ಪಿಡೊ ಬಡಿದಾಗ ತಳದ ಬಾಯ್ಲರ್ ಕೋಣೆಯಿಂದ ಮೇಲೆ ಬರೋದು ಎಷ್ಟು ಕಷ್ಟ ಅಂತ ನೀವೇ ಊಹಿಸಿ.

ನಮ್ಮಿಂದ ಹೋದ ಇನ್ನೂ ಎರಡು ಪದ ಇವೆ. ಒಂದು ಕೂಲಿ, ಇನ್ನೊಂದು ಜಂಗ್ಲಿ. ಕನ್ನಡದಲ್ಲಿ ಕೂಲಿ ಅಂದ್ರೆ ದುಡಿಮೆಗೆ ಸಿಗುವ ಹಣ, ಅದರಲ್ಲಿ ಅವಮಾನ ಏನಿದೆ? ದೇವದುರ್ಗದ ಕಡೆಯಿಂದ ಬೆಂಗಳೂರಿಗೆ, ಹೈದರಾಬಾದಿಗೆ ಗುಳೆ ಹೋಗುವವರು ಕೂಲಿ ಮಾಡಿಯೇ ಮನೆ ನಡೆಸುತ್ತಾರೆ. ಇಂಗ್ಲಿಷಿನ ಬಾಯಲ್ಲಿ ಮಾತ್ರ ಅದು ಬೈಗುಳ ಆಯಿತು. 1946ರಲ್ಲಿ ಮುಂಬೈನ ‘ತಲ್ವಾರ್’ ಎಂಬ ನೌಕಾಪಡೆಯ ಸಿಗ್ನಲ್ ತರಬೇತಿ ಕೇಂದ್ರದಲ್ಲಿ ಕಮಾಂಡರ್ ಕಿಂಗ್ ನಮ್ಮ ಹುಡುಗರನ್ನು ಕೂಲಿಗಳ ಮಕ್ಕಳು, ಜಂಗ್ಲಿಗಳು ಅಂತ ಬೈದ. ನಮ್ಮದೇ ಪದ, ನಮ್ಮದೇ ಹುಡುಗರ ಮುಖಕ್ಕೆ!

ದೂರು ಕೊಟ್ಟರು, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಊಟ ಬೇರೆ ಬಾಯಿಗಿಡೋ ಹಾಗಿರಲಿಲ್ಲ. ಅಲ್ಲಿಯೇ ಬಿ.ಸಿ. ದತ್ ಎಂಬ ನಾವಿಕ ಗೋಡೆ ಮೇಲೆ ‘ಕ್ವಿಟ್ ಇಂಡಿಯಾ’ ಬರೆದು ಮೊದಲೇ ಸಿಕ್ಕಿಬಿದ್ದಿದ್ದ. ಫೆಬ್ರವರಿ 18ರ ಬೆಳಗ್ಗೆ ತಿಂಡಿ ತಟ್ಟೆ ಬಿಟ್ಟು ಎದ್ದರು ನೋಡಿ, ಆಮೇಲೆ ಅದು ನಿಲ್ಲಲಿಲ್ಲ. ಕರಾಚಿಯಿಂದ ಕಲ್ಕತ್ತಾದವರೆಗೆ 78 ಹಡಗು, ಸುಮಾರು 20 ಸಾವಿರ ನಾವಿಕರು. ಬ್ರಿಟಿಷ್ ಬಾವುಟ ಇಳಿಸಿ ಕಾಂಗ್ರೆಸ್, ಮುಸ್ಲಿಂ ಲೀಗ್, ಕೆಂಬಾವುಟ ಮೂರನ್ನೂ ಒಟ್ಟಿಗೆ ಏರಿಸಿದರು. ಮುಂಬೈನ ಗಿರಣಿ ಕಾರ್ಮಿಕರು ಬೀದಿಗಿಳಿದರು, ಗುಂಡಿಗೆ ಬಲಿಯಾದರು.

ಆರನೇ ದಿನಕ್ಕೆ ಸರ್ದಾರ್ ಪಟೇಲರ ಮಾತು ಕೇಳಿ ಹುಡುಗರು ಶರಣಾದರು. ಯಾರಿಗೂ ಶಿಕ್ಷೆ ಆಗಲ್ಲ ಅಂತ ನಂಬಿದ್ದರು. ನೂರಾರು ಜನರನ್ನು ಕೆಲಸದಿಂದ ಕಿತ್ತು ಹಾಕಲಾಯಿತು. ಮುಂದಿನ ವರ್ಷ ಸ್ವಾತಂತ್ರ್ಯ ಬಂತು. ವಜಾ ಆದವರನ್ನು ಭಾರತದ ನೌಕಾಪಡೆಯೂ ವಾಪಸ್ ಕರೆಯಲಿಲ್ಲ, ಪಾಕಿಸ್ತಾನದ್ದೂ ಕರೆಯಲಿಲ್ಲ.