ದಾರಿಯ ಜೊತೆಗಾರರು

ಒಂಟಿಯಾಗಿ ದಾರಿ ನಡೆಯಬಾರದೆಂಬುದು ಹಿರಿಯರ ಬುದ್ಧಿವಾದ. ದೇವದುರ್ಗದಿಂದ ಮಾನ್ವಿಗೋ ರಾಯಚೂರಿಗೋ ಹೊರಟವರು ಕಳ್ಳಕಾಕರ ಭಯಕ್ಕೆ ಜೊತೆ ಹುಡುಕುತ್ತಿದ್ದರು. ದಖ್ಖಣದ ಹೆದ್ದಾರಿಗಳಲ್ಲಿ ಥಗ್ಗರಿಗೆ ಈ ಭಯವೇ ಬಂಡವಾಳವಾಯಿತು. ವರ್ತಕರ ವೇಷದಲ್ಲಿ ಬಂದು, ‘ಕೂಡಿ ಹೋದರೆ ಕ್ಷೇಮ’ವೆಂದು ನಂಬಿಸಿ, ದಿನಗಟ್ಟಲೆ ಜೊತೆಗೆ ನಡೆದು, ಕಡೆಗೆ ವಸ್ತ್ರದಿಂದ ಕೊರಳು ಬಿಗಿಯುತ್ತಿದ್ದರು. 1836ರ ಕಾಯಿದೆಯು ಕಂಪನಿಯ ಸೀಮೆಯಲ್ಲಿ ಆ ಗುಂಪಿಗೆ ಸೇರಿರುವುದನ್ನೇ ಅಪರಾಧವೆಂದು ಸಾರಿತು. ನಿಜಾಮರ ಸೇವೆಯಲ್ಲಿದ್ದ ಮೆಡೋಸ್ ಟೇಲರ್ 1839ರಲ್ಲಿ ಥಗ್ಗನೊಬ್ಬನ ಕಥೆಯನ್ನು ಕಾದಂಬರಿಯಾಗಿ ಪ್ರಕಟಿಸಿದನು. ಮುಂದೆ ದೇವದುರ್ಗಕ್ಕೆ ಕೃಷ್ಣೆಯಾಚೆಯ ಸುರಪುರದಲ್ಲಿ ಬಾಲರಾಜನ ಪರವಾಗಿ ಆಡಳಿತ ನಡೆಸಿದನು. 1871ರಲ್ಲಿ ಮುಂಬಯಿ, ಮದರಾಸುಗಳ ರೈಲುಹಾದಿಗಳು ರಾಯಚೂರಿನಲ್ಲಿ ಕೂಡಿದವು. ಕಾಲ್ನಡಿಗೆಯ ಹಾದಿ ಬರಿದಾಯಿತು. ಅಪರಿಚಿತನ ಪಕ್ಕದಲ್ಲಿ ಕುಳಿತು ಸಾಗುವ ಪಾಡು ಉಳಿಯಿತು. ಪಯಣಕ್ಕೆ ಜೊತೆ ಬೇಕು. ಜೊತೆಗಾರನಾರೆಂಬ ಅರಿವು ಅದಕ್ಕೂ ಮೊದಲು ಬೇಕು.