ಮನೇಲಿ ಇವಿ ಚಾರ್ಜ್ ಮಾಡೋ ಮುಂಚೆ ಅರ್ಥಿಂಗ್ ನೋಡಿ

ಎಲೆಕ್ಟ್ರಿಕ್ ಕಾರು ಮನೆಗೆ ಬಂದ ಮೊದಲ ರಾತ್ರಿ ಚಾರ್ಜ್ ಆಗಲೇ ಇಲ್ಲ. ಕೇಬಲ್ ನಡುವಿನ ಪೆಟ್ಟಿಗೆಯಲ್ಲಿ ಕೆಂಪು ದೀಪ. ಕಾರಿನದ್ದೇ ಏನೋ ಸಮಸ್ಯೆ ಅಂದುಕೊಂಡು ಮಲಗಿದೆ. ಬೆಳಗ್ಗೆ ಬಂದ ಎಲೆಕ್ಟ್ರಿಷಿಯನ್ ಸಾಕೆಟ್‌ಗೆ ಮಲ್ಟಿಮೀಟರ್ ಹಿಡಿದು, "ಕಾರು ಸರಿಯಾಗೇ ಇದೆ ಸಾರ್, ನಿಮ್ಮ ಮನೆಗೆ ಅರ್ಥೇ ಇಲ್ಲ" ಅಂದರು.

ಇಂಜಿನಿಯರಿಂಗ್ ಓದಿದವನಿಗೆ ಇದಕ್ಕಿಂತ ಮುಜುಗರ ಬೇರೆ ಬೇಕಾ? ಸಾಕೆಟ್‌ಗೆ ಮೂರು ತೂತು ಇತ್ತು, ಮೂರನೇದರ ಹಿಂದಿನ ವೈರ್ ಎಲ್ಲೋ ತುಂಡಾಗಿತ್ತು. ಅದೇ ವೈರಿಂಗ್‌ನಲ್ಲಿ ಅಮ್ಮ ದಿನಾ ಗೀಸರ್ ಹಾಕಿಕೊಂಡು ಸ್ನಾನ ಮಾಡ್ತಿದ್ದರು. ಗೀಸರ್ ಅರ್ಥಿಂಗ್ ಇದೆಯಾ ಅಂತ ಕೇಳಲ್ಲ. ಕಾರು ಕೇಳುತ್ತೆ.

ಇವಿ ಕೊಳ್ಳೋರು ರೇಂಜ್ ಎಷ್ಟು, ಬ್ಯಾಟರಿ ವಾರಂಟಿ ಎಷ್ಟು ಅಂತ ವಿಚಾರಿಸ್ತಾರೆ. ಮನೆಯ ವೈರಿಂಗ್ ಬಗ್ಗೆ ವಿಚಾರಿಸೋರು ಕಡಿಮೆ. ಹಾಗಾಗಿ ಈ ಲೇಖನ.

ಸಾದಾ ಪವರ್ ಪ್ಲಗ್ ಸಾಕಾ?

ಬಹಳಷ್ಟು ಜನರಿಗೆ ಸಾಕು. ಕಾರಿನ ಜೊತೆ ಬರುವ ಕೇಬಲ್ ಅನ್ನು 15 ಅಥವಾ 16 ಆಂಪಿಯರ್ ಸಾಕೆಟ್‌ಗೆ ಹಾಕಿದರೆ ಸುಮಾರು 3 ಕಿಲೋವ್ಯಾಟ್ ಸಿಗುತ್ತೆ. 30 ಯೂನಿಟ್ ಹಿಡಿಯುವ ಬ್ಯಾಟರಿ ಖಾಲಿಯಿಂದ ತುಂಬೋಕೆ 10-11 ಗಂಟೆ ಬೇಕು. ಆದರೆ ದಿನಾ ಖಾಲಿ ಮಾಡಿಕೊಂಡು ಬರೋರು ಯಾರು? 40 ಕಿ.ಮೀ. ಓಡಾಟಕ್ಕೆ ಬೇಕಾಗೋದು ಸುಮಾರು 6 ಯೂನಿಟ್, ಅಂದರೆ 2 ಗಂಟೆ ಚಾರ್ಜಿಂಗ್. ಪೆಟ್ರೋಲ್ ಬಂಕಿನ ಲೆಕ್ಕ ಬಿಟ್ಟು, ಮೊಬೈಲ್ ಚಾರ್ಜ್ ಮಾಡುವ ಲೆಕ್ಕದಲ್ಲಿ ಯೋಚಿಸಿ.

ಗೋಡೆಗೆ ಹಾಕಿಸುವ 7.2 ಕಿಲೋವ್ಯಾಟ್ ಪೆಟ್ಟಿಗೆಯನ್ನು ಎಲ್ಲರೂ ಚಾರ್ಜರ್ ಅಂತಾರೆ. ನಿಜವಾದ ಚಾರ್ಜರ್ ಕಾರಿನೊಳಗಿದೆ. ಎಸಿಯನ್ನು ಡಿಸಿಗೆ ಬದಲಿಸೋದು ಅದೇ. ಗೋಡೆಯ ಪೆಟ್ಟಿಗೆ ಎಷ್ಟು ಕರೆಂಟ್ ಎಳೆಯಬಹುದು ಅಂತ ಕಾರಿಗೆ ಹೇಳುವ, ಸುರಕ್ಷತೆ ನೋಡಿಕೊಳ್ಳುವ ಜಾಣ ಸ್ವಿಚ್. ಹಾಗಾಗಿ ಕಾರಿನೊಳಗಿನ ಚಾರ್ಜರ್ 3.3 ಕಿಲೋವ್ಯಾಟ್‌ನದ್ದಾಗಿದ್ದರೆ 7.2ರ ಪೆಟ್ಟಿಗೆ ಹಾಕಿಸಿದರೂ ಚಾರ್ಜಿಂಗ್ ವೇಗ ಹೆಚ್ಚಲ್ಲ.

ವೈರಿಂಗ್‌ನಲ್ಲಿ ನೋಡಬೇಕಾದ್ದು

ಗೀಸರ್ ಇಪ್ಪತ್ತು ನಿಮಿಷ ಓಡಿ ನಿಲ್ಲುತ್ತೆ. ಕಾರು ಅಷ್ಟೇ ಕರೆಂಟನ್ನು ರಾತ್ರಿಯಿಡೀ ಎಳೆಯುತ್ತೆ. ಸಡಿಲ ಸಾಕೆಟ್, ತೆಳು ವೈರ್ ಬಿಸಿಯಾಗಿ ಕರಗೋದು ಇದರಿಂದಲೇ. ಎಕ್ಸ್‌ಟೆನ್ಶನ್ ಬೋರ್ಡ್ ಅಂತೂ ಬೇಡವೇ ಬೇಡ. ಮೀಟರ್ ಬೋರ್ಡಿನಿಂದ ಕಾರಿಗೇ ಅಂತ ಪ್ರತ್ಯೇಕ ಲೈನ್ ಎಳೆಸಿ. 16 ಆಂಪಿಯರ್‌ಗೆ 4 ಚದರ ಮಿ.ಮೀ. ತಾಮ್ರದ ವೈರ್, 32 ಆಂಪಿಯರ್‌ಗೆ ಕನಿಷ್ಠ 6. ದೂರ ಜಾಸ್ತಿಯಿದ್ದರೆ ಇನ್ನೂ ದಪ್ಪ. ಆ ಲೈನ್‌ಗೆ ಪ್ರತ್ಯೇಕ ಎಂಸಿಬಿ, ಜೊತೆಗೆ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಇರಲಿ. ಎಂಸಿಬಿ ವೈರನ್ನು ಕಾಯುತ್ತೆ, ಆರ್‌ಸಿಸಿಬಿ ಮನುಷ್ಯರನ್ನು.

ಇನ್ನು ಅರ್ಥಿಂಗ್. ಫೇಸ್ ಮತ್ತು ಅರ್ಥ್ ನಡುವೆ ಸುಮಾರು 230 ವೋಲ್ಟ್, ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಒಂದೆರಡು ವೋಲ್ಟ್ ಬಂದರೆ ಮೇಲ್ನೋಟಕ್ಕೆ ಸರಿ ಇದೆ ಅಂತ ಅರ್ಥ. ಇಲ್ಲದಿದ್ದರೆ ಅರ್ಥಿಂಗ್ ಸರಿಪಡಿಸಲೇಬೇಕು, ಅಗತ್ಯವಿದ್ದರೆ ಹೊಸ ಅರ್ಥ್ ಪಿಟ್ ತೆಗೆಸಬೇಕು.

ಇಲ್ಲೊಂದು ಎಚ್ಚರಿಕೆ. ಸಾಕೆಟ್ ಒಳಗೇ ನ್ಯೂಟ್ರಲ್‌ನಿಂದ ಅರ್ಥ್ ಪಿನ್ನಿಗೆ ಒಂದು ತುಂಡು ವೈರ್ ಹಾಕಿ "ಆಯ್ತು ಸಾರ್, ಚಾರ್ಜ್ ಆಗ್ತಿದೆ" ಅನ್ನೋ ಎಲೆಕ್ಟ್ರಿಷಿಯನ್‌ಗಳಿದ್ದಾರೆ. ನನಗೂ ಒಬ್ಬರು ಈ ಸಲಹೆ ಕೊಟ್ಟರು. ಚಾರ್ಜ್ ಆಗುತ್ತೆ, ನಿಜ. ಆದರೆ ಮುಂದೊಂದು ದಿನ ನ್ಯೂಟ್ರಲ್ ವೈರ್ ಕಡಿದರೆ ಕಾರಿನ ಇಡೀ ಬಾಡಿಗೆ 230 ವೋಲ್ಟ್ ಹರಿಯಬಹುದು. ಬಾಗಿಲಿಗೆ ಕೈ ಹಾಕೋದು ನೀವೋ, ನಿಮ್ಮ ಮಗುವೋ? ಅರ್ಥ್ ಪಿಟ್‌ಗೆ ಕೆಲವು ಸಾವಿರ ಖರ್ಚಾಗುತ್ತೆ, ಆಗಲಿ.

ಬಿಲ್ಲಿನ ಲೆಕ್ಕ

ತಿಂಗಳಿಗೆ 1,000 ಕಿ.ಮೀ. ಓಡಿಸಿದರೆ, ಚಾರ್ಜಿಂಗ್‌ನಲ್ಲಿ ಆಗುವ ನಷ್ಟ ಸೇರಿ ಮೀಟರಿನಲ್ಲಿ ಸುಮಾರು 150 ಯೂನಿಟ್ ಓಡುತ್ತೆ. ತೆರಿಗೆ ಎಲ್ಲ ಸೇರಿ ಯೂನಿಟ್‌ಗೆ 7 ರೂಪಾಯಿ ಹಿಡಿದರೆ 1,050 ರೂ. ಲೀಟರಿಗೆ 15 ಕಿ.ಮೀ. ಕೊಡುವ ಪೆಟ್ರೋಲ್ ಕಾರಿಗೆ, ಲೀಟರಿಗೆ ಬರೀ 100 ರೂಪಾಯಿ ಅಂದುಕೊಂಡರೂ 6,600 ದಾಟುತ್ತೆ.

ಆದರೆ ಕರ್ನಾಟಕದಲ್ಲಿ ಇನ್ನೊಂದು ಲೆಕ್ಕ ಇದೆ. ಗೃಹಜ್ಯೋತಿಯಲ್ಲಿ ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. 120 ಯೂನಿಟ್ ಬಳಸಿ ಸೊನ್ನೆ ಬಿಲ್ ಪಡೀತಿದ್ದ ಮನೆ ಕಾರಿನಿಂದಾಗಿ 270ಕ್ಕೆ ಹೋದರೆ, ಕಾರಿನ 150ಕ್ಕೆ ಮಾತ್ರ ಅಲ್ಲ, 270ಕ್ಕೂ ಕಟ್ಟಬೇಕು. ಅಂದರೆ ಸುಮಾರು 1,900 ರೂ., ಮೇಲೆ ನಿಗದಿತ ಶುಲ್ಕ. ಆಗಲೂ ಪೆಟ್ರೋಲಿಗಿಂತ ಅಗ್ಗವೇ, ಆದರೆ ಶೋರೂಮಿನಲ್ಲಿ ಹೇಳುವಷ್ಟು ಅಗ್ಗ ಅಲ್ಲ.

ಮಂಜೂರಾದ ಲೋಡ್ ಕೂಡ ನೋಡಿಕೊಳ್ಳಿ. 3 ಕಿಲೋವ್ಯಾಟ್ ಮನೆಗೆ 7.2ರ ಪೆಟ್ಟಿಗೆ ಹಾಕಿಸಿದರೆ ಲೋಡ್ ಹೆಚ್ಚಿಸಿಕೊಳ್ಳಲೇಬೇಕು. ನಿಗದಿತ ಶುಲ್ಕ ಇರೋದು ಕಿಲೋವ್ಯಾಟ್ ಲೆಕ್ಕದಲ್ಲಿ. ಹಾಗಾಗಿ ಕಾರು ಓಡಿಸದ ತಿಂಗಳೂ ಅದನ್ನು ಕಟ್ಟಬೇಕು.

ಅಪಾರ್ಟ್‌ಮೆಂಟಿನಲ್ಲಿ

ಮನೆಯ ಈಗಿರುವ ವಿದ್ಯುತ್ ಸಂಪರ್ಕದಿಂದಲೇ ಇವಿ ಚಾರ್ಜ್ ಮಾಡಿಕೊಳ್ಳಬಹುದು ಅಂತ ಕೇಂದ್ರ ಇಂಧನ ಸಚಿವಾಲಯದ ಮಾರ್ಗಸೂಚಿ ಹೇಳುತ್ತೆ. ಅದರ ಪ್ರಿಂಟ್ ಹಿಡಿದು ಅಸೋಸಿಯೇಶನ್ ಮೀಟಿಂಗ್‌ನಲ್ಲಿ ಜಗಳಕ್ಕೆ ನಿಂತರೆ ಕೆಲಸ ಆಗಲ್ಲ. ಅವರ ಭಯ ಬೆಂಕಿಯದ್ದು, ಅದು ಸುಳ್ಳು ಭಯವೂ ಅಲ್ಲ. ನಿಮ್ಮ ಮೀಟರಿನಿಂದಲೇ ಕೇಬಲ್, ಪೈಪ್ ಒಳಗೆ ವೈರಿಂಗ್, ಆರ್‌ಸಿಸಿಬಿ, ಲೈಸೆನ್ಸ್ ಇರುವ ಗುತ್ತಿಗೆದಾರರ ಸಹಿ. ಇಷ್ಟನ್ನು ಕಾಗದದಲ್ಲಿ ಬರೆದುಕೊಂಡು ಹೋಗಿ. ಮಾತು ಅಲ್ಲಿಂದ ಶುರುವಾದರೆ ಒಪ್ಪಿಗೆ ಸಿಗೋ ಸಾಧ್ಯತೆ ಹೆಚ್ಚು.

ನಮ್ಮ ಮನೆಯಲ್ಲಿ ಹೊಸ ಅರ್ಥ್ ಪಿಟ್ ಆಯ್ತು, ಹಳೇ ವೈರಿಂಗ್ ಬದಲಾಯ್ತು. ಅಮ್ಮ ಇನ್ನೂ ಕಾರಿನ ಮುಂದಿನ ಸೀಟಲ್ಲಿ ಕೂತಿಲ್ಲ, ಸದ್ದೇ ಮಾಡಲ್ಲ ಅಂತ ಅನುಮಾನ ಅವರಿಗೆ. ಗೀಸರ್ ಮಾತ್ರ ಈಗ ಸುರಕ್ಷಿತ. ನಿಮಗೆ ಇವಿ ಕೊಳ್ಳುವ ಯೋಚನೆ ಇಲ್ಲದಿದ್ದರೂ ಈ ವಾರ ಒಬ್ಬ ಎಲೆಕ್ಟ್ರಿಷಿಯನ್ ಕರೆಸಿ ಮನೆಯ ಅರ್ಥಿಂಗ್ ಒಮ್ಮೆ ಪರೀಕ್ಷೆ ಮಾಡಿಸಿ.